ಹೆಣದ ಗಾಡಿಯ ಕಂಪ್ಯೂಟರು

ಪುರಸಭೆ ಅಧ್ಯಕ್ಷ ಶಂಭುಗೌಡರ ಜೀಪು ಅವರ ಮೆರವಣಿಗೆಯ ದಿನವೇ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಮೆಕ್ಯಾನಿಕ್ ಫಕೀರಪ್ಪ ವೈರು, ಫ್ಯೂಸು ಎಲ್ಲ ನೋಡಿ, ಕೊನೆಗೆ ಸ್ಕ್ಯಾನರ್ ಹಚ್ಚಿದ.

"ಇಂಜಿನ್ ಕಂಪ್ಯೂಟರೇ ಹೋಗಿದೆ ಗೌಡ್ರೇ. ಹೊಸದು ಹುಬ್ಬಳ್ಳಿಯಿಂದ ಬರಬೇಕು, ನಾಳೆಯಾಗುತ್ತೆ."

ಆಯಿಲ್ ಬದಲಾಯಿಸಿಕೊಂಡು ಅದೇ ಗ್ಯಾರೇಜಿನಲ್ಲಿ ನಿಂತಿದ್ದ ಪುರಸಭೆಯ ಹೆಣದ ಗಾಡಿಯ ಮೇಲೆ ಗೌಡರ ಕಣ್ಣು ಬಿತ್ತು. "ಅದೂ ಇದೇ ಮಾಡೆಲ್ ಅಲ್ವೇನೋ? ಅದರದ್ದು ಬಿಚ್ಚಿ ನನಗೆ ಹಾಕು!"

ಊರಿಗೆ ಇದ್ದದ್ದು ಅದೊಂದೇ ಹೆಣದ ಗಾಡಿ. ಬುಟ್ಟಿ ಹೆಣೆಯುವ ದುರ್ಗಪ್ಪ ಸತ್ತ ಕೂಸನ್ನಿಟ್ಟುಕೊಂಡು ಆಸ್ಪತ್ರೆಯಲ್ಲಿ ಅದಕ್ಕೇ ಕಾಯುತ್ತಿದ್ದ.

ಫಕೀರಪ್ಪ ವಿನಯದಿಂದಲೇ ಸ್ಪ್ಯಾನರ್ ಎತ್ತಿಕೊಂಡ. "ಹಾಕ್ತೀನಿ ಗೌಡ್ರೇ. ಆದ್ರೆ ಮಸಣಕ್ಕೆ ಹೋಗಿ ಬಂದದ್ದು ಸ್ನಾನವಿಲ್ಲದೆ ಮನೆಗೆ ಬರೋ ಹಾಗಿಲ್ಲವಲ್ಲ? ನೀರು ಹೊಯ್ದರೆ ಕಂಪ್ಯೂಟರ್ ಸಾಯುತ್ತೆ. ಹೊಯ್ಯದಿದ್ರೆ ಸೂತಕ ನಿಮ್ಮ ಮನೆಗೆ. ಹೇಗೆ ಮಾಡ್ಲಿ, ನೀವೇ ಹೇಳಿ."

ಗೌಡರು ಥಟ್ಟನೆ ಹಿಂದೆ ಸರಿದರು. "ಬೇಡ ಮಾರಾಯ, ನಾಳೆ ಹೊಸದನ್ನೇ ಹಾಕು" ಎಂದವರು ಮೆರವಣಿಗೆಗೆ ನಡೆದೇ ಹೋದರು.

ಫಕೀರಪ್ಪ ತಾನೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋದ. ದುರ್ಗಪ್ಪ ಪುಟ್ಟದೊಂದು ಬಿಳಿ ಗಂಟನ್ನು ಎದೆಗವಚಿಕೊಂಡು ಬಾಗಿಲಲ್ಲೇ ಕೂತಿದ್ದ.

"ಗಾಡಿ ಬರದಿದ್ರೆ ಹೊತ್ಕೊಂಡೇ ಹೋಗ್ತಿದ್ದೆ ಅಣ್ಣಾ," ಅಂದ. "ಭಾರ ಏನಿಲ್ಲ."

ಫಕೀರಪ್ಪ ಹೆಣ ಇಡುವ ಹಿಂಬಾಗಿಲು ಬಿಟ್ಟು, ತನ್ನ ಪಕ್ಕದ ಸೀಟಿನ ಬಾಗಿಲು ತೆಗೆದ.