ದೊರೆಯ ಉಪವಾಸ, ಛತ್ರದ ರಾಗಿ

“ಈ ಸಲ ನನ್ನ ತುಲಾಭಾರದಲ್ಲಿ ರಾಗಿ ಅರ್ಧ, ಹೆಸರು ಮಾತ್ರ ಪೂರ್ತಿ” ಎಂದು ಹಿರೇಕಲ್ಲೂರಿನ ದೊರೆ ಚಂದ್ರರಸ ಆಸ್ಥಾನದಲ್ಲಿ ಮೀಸೆ ತಿರುವಿದ.

ಹಿರೇಕಲ್ಲೂರಿನಲ್ಲೊಂದು ಕಟ್ಟಳೆ. ಪ್ರತಿ ವರ್ಷ ಕಾರಹುಣ್ಣಿಮೆಯ ದಿನ ದೊರೆ ತಕ್ಕಡಿಯಲ್ಲಿ ಕೂರಬೇಕು. ಅವನು ಎಷ್ಟು ತೂಗುತ್ತಾನೋ ಅದರ ನೂರು ಪಟ್ಟು ರಾಗಿ ಊರಬಾಗಿಲ ಛತ್ರಕ್ಕೆ ಹೋಗಬೇಕು. ಮಳೆಗಾಲ ಮುಗಿಯುವವರೆಗೆ ದಿಕ್ಕಿಲ್ಲದವರಿಗೆಲ್ಲ ಆ ರಾಗಿಯದೇ ಮುದ್ದೆ. ತಾತನ ಕಾಲದ ಮಾತು, ಮುರಿಯುವ ಹಾಗಿಲ್ಲ. ಆದರೆ ಈ ಸಲ ಬೊಕ್ಕಸ ಬರಿದಾಗಿತ್ತು. ದೊರೆ ಹೊಸ ಉಯ್ಯಾಲೆಗೆ ಬೆಳ್ಳಿ ಸರಪಳಿ ಹಾಕಿಸಿಕೊಂಡಿದ್ದ. ಉಯ್ಯಾಲೆ ಇಲ್ಲದೆ ರಾಜ್ಯಭಾರ ಮಾಡೋದುಂಟೇ?

ಬೊಕ್ಕಸದ ಅಧಿಕಾರಿ ಲಕ್ಕರಸ ಉಪಾಯ ಹುಡುಕಿಕೊಟ್ಟಿದ್ದ. “ಕಟ್ಟಳೆ ಮುರಿಯೋದು ಬೇಡ ಪ್ರಭು. ತಾವು ಕರಗಿದರೆ ಸಾಕು.”

ಸರಿ, ಅಂದಿನಿಂದ ದೊರೆಗೆ ಬೆಳಿಗ್ಗೆ ನೀರು ಮಜ್ಜಿಗೆ, ಸಂಜೆ ಬೇಳೆಕಟ್ಟು. ಹೋಳಿಗೆ ಬರೀ ಕನಸಿನಲ್ಲಿ. ತಿಂಗಳು ತುಂಬುವುದರೊಳಗೆ ಕೆನ್ನೆ ಒಳಗೆ ಹೋಗಿ, ನಡುಪಟ್ಟಿ ಜಾರತೊಡಗಿತು. ಊರಿಗೆ ಮಾತ್ರ “ದೊರೆಗಳು ವ್ರತದಲ್ಲಿದ್ದಾರೆ” ಎಂದು ಡಂಗುರ.

ದೊರೆ ಆಸ್ಥಾನದ ಮಾತುಗಾರ ಸಂಕಪ್ಪನ ಕಡೆ ತಿರುಗಿದ. “ಸಂಕಪ್ಪ, ದಾನ ಸಣ್ಣದಾಯಿತು ಅಂತ ಒಬ್ಬನೂ ಗೊಣಗಬಾರದು. ಆ ಹೊಣೆ ನಿನ್ನದು. ಗೊಣಗಿದರೆ ನಿನಗೆ ಈ ಆಸ್ಥಾನದಲ್ಲಿ ಜಾಗವಿಲ್ಲ.”

“ಆಗಲಿ ಪ್ರಭು. ದಾನ ಸಣ್ಣದಾಯಿತು ಅಂತ ಒಬ್ಬರೂ ಅನ್ನದ ಹಾಗೆ ನೋಡಿಕೊಳ್ಳುತ್ತೇನೆ” ಎಂದು ಸಂಕಪ್ಪ ಕೈ ಮುಗಿದ.

ಮುಗಿದ ಕೈಯಲ್ಲೇ ನೆಟ್ಟಗೆ ಛತ್ರಕ್ಕೆ ಹೋದ. ಅಲ್ಲಿ ಅಡುಗೆಯ ಗಂಗವ್ವ ತಳ ಕಾಣುತ್ತಿದ್ದ ಕಣಜದ ಮುಂದೆ ಕೂತಿದ್ದಳು.

“ರಾಗಿ ಅರ್ಧ ಬರುತ್ತಂತಲ್ಲ ಸಂಕಪ್ಪನೋರೇ? ಹಾಗಾದರೆ ಶ್ರಾವಣ ಬರುವ ಮುಂಚೆಯೇ ಒಲೆ ಆರಿಸಬೇಕು. ಕುಂಟಜ್ಜನಿಗೆ ಬೇಡ ಅನ್ನಲಾ, ಆ ಬಾಣಂತಿಗೆ ಬೇಡ ಅನ್ನಲಾ? ನೀವೇ ಹೇಳಿ.”

ಸಂಕಪ್ಪ ಅವಳ ಎದುರು ಕುಕ್ಕರಿಸಿದ. “ಅದಿರಲಿ ಗಂಗವ್ವ, ನಮ್ಮ ದೊರೆ ತಿಂಗಳಿಂದ ಸರಿಯಾಗಿ ಊಟ ಮಾಡಿಲ್ಲ.”

“ಅಯ್ಯೋ ಶಿವನೇ. ವ್ರತ ಅಂತ ಡಂಗುರ ಹೊಡೆದರಲ್ಲ, ಏನು ಕಾಯಿಲೆ?”

“ಕೈ ಬಿಗಿಯಾಗುವ ಕಾಯಿಲೆ. ಹೊಟ್ಟೆಗೆ ಇಳಿದಿದೆ.”

“ಮದ್ದು?”

“ಊರಮ್ಮನ ಪ್ರಸಾದ ಬಿಟ್ಟರೆ ಬೇರೆ ಮದ್ದಿಲ್ಲ.”

ಅಷ್ಟೇ ಹೇಳಿದ್ದು. ಹುಣ್ಣಿಮೆಗೆ ಇನ್ನೊಂದು ವಾರವಿತ್ತು. ಮಾರನೆಯ ಬೆಳಿಗ್ಗೆ ಅರಮನೆ ಬಾಗಿಲಲ್ಲಿ ಜನವೋ ಜನ. ಮುಂದೆ ಗಂಗವ್ವ, ಹಿಂದೆ ಛತ್ರದವರೆಲ್ಲ. ತಮ್ಮ ತಮ್ಮ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಊರಮ್ಮನಿಗೆ ಎಡೆ ಇಟ್ಟು, ಸೊಪ್ಪಿನ ಸಾರಿನ ಜೊತೆ ಬುಟ್ಟಿಯಲ್ಲಿ ಹೊತ್ತು ತಂದಿದ್ದರು.

“ಬುದ್ಧಿ, ಅಮ್ಮನ ಪ್ರಸಾದ. ಬೇಗ ಹುಷಾರಾಗಿ” ಎಂದಳು ಗಂಗವ್ವ. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಲಕ್ಕರಸ ಹಿಂದಿನಿಂದ ಪಿಸುಗುಟ್ಟಿದ. “ಬೇಡ ಪ್ರಭು. ಒಂದು ತುತ್ತು ಒಳಗೆ ಹೋದರೆ ಬೊಕ್ಕಸದಿಂದ ನೂರು ತುತ್ತು ಹೊರಗೆ ಹೋಗುತ್ತೆ.”

ಸಂಕಪ್ಪ ಇನ್ನೊಂದು ಕಿವಿಯ ಹತ್ತಿರ ಬಂದ. “ಊರಮ್ಮನ ಪ್ರಸಾದವನ್ನು ದೊರೆಯೇ ಬೇಡ ಅಂದರೆ, ನಾಳೆ ಮಳೆ ಬರದಿದ್ದಾಗ ಜನ ಯಾರನ್ನು ಕೇಳುತ್ತಾರೆ ಪ್ರಭು?”

ದೊರೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಆಮೇಲೆ ಕೇಳಬೇಕೇ? ತಿಂಗಳ ಹಸಿವು ಎದ್ದು ಕೂತಿತು. ಮುದ್ದೆ ಹೋಯಿತು, ಸೊಪ್ಪಿನ ಸಾರು ಹೋಯಿತು, ಕೊನೆಗೆ ಬುಟ್ಟಿಯ ತಳವನ್ನೂ ತಡವಿ ನೋಡಿದ.

ಸುದ್ದಿ ಊರೆಲ್ಲ ಹಬ್ಬಿತು. ಮರುದಿನ ಕುಂಬಾರಗೇರಿಯವರು ಹುಗ್ಗಿ ತಂದರು, ಅದರ ಮರುದಿನ ನೇಕಾರಗೇರಿಯವರು ತುಪ್ಪ ಸುರಿದ ಹೋಳಿಗೆ. ಗಾಣಿಗರು ಎಳ್ಳುಂಡೆ ಕಟ್ಟಿಕೊಂಡು ಬಂದರು. ದೊರೆ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಲಕ್ಕರಸನಿಗೆ ಮಾತ್ರ ಅನ್ನ ಸೇರದಾಯಿತು.

ಕಾರಹುಣ್ಣಿಮೆ ಬಂತು. ದೊರೆ ತಕ್ಕಡಿ ಹತ್ತಿ ಕೂತ. ತಟ್ಟೆ ದಡ್ಡನೆ ನೆಲಕ್ಕೆ ಬಡಿಯಿತು. ಆಳುಗಳು ಎದುರು ತಟ್ಟೆಗೆ ರಾಗಿ ಸುರಿದರು, ಸುರಿದರು, ಹೋದ ವರ್ಷದ ಲೆಕ್ಕ ದಾಟಿದರೂ ಸುರಿಯುತ್ತಲೇ ಇದ್ದರು. ಗಂಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು.

ದೊರೆಗೆ ಆಗ ಹೊಳೆಯಿತು. ತಕ್ಕಡಿಯಿಂದಲೇ ಗುಡುಗಿದ. “ಸಂಕಪ್ಪ, ಇದು ನಿನ್ನದೇ ಕಿತಾಪತಿ. ನಾನು ಕಾಯಿಲೆಯವನು ಅಂತ ಊರೆಲ್ಲ ಸಾರಿದ್ದೀಯ.”

“ದೊರೆ ಊಟ ಮಾಡುತ್ತಿಲ್ಲ ಅಂದೆ ಪ್ರಭು. ಸುಳ್ಳೇ? ದಾನ ಸಣ್ಣದಾಯಿತು ಅಂತ ಈಗ ಯಾರಾದರೂ ಗೊಣಗುತ್ತಿದ್ದಾರಾ ಕೇಳಿ ನೋಡಿ.”

“ನಾನು ಹೇಳಿದ್ದು ಕಡಿಮೆ ಖರ್ಚಿನ ದಾನ.”

“ಅದನ್ನು ತಿಳಿದವರ ಹತ್ತಿರವೇ ಹೋಗಿದ್ದೆ. ಛತ್ರದವರಿಗೆ ಇರುವುದು ಒಂದೇ ಮುದ್ದೆ. ಅದರಲ್ಲಿ ಅರ್ಧ ತಮಗೆ ಕೊಟ್ಟು, ಉಳಿದರ್ಧ ತಿಂದು, ಅರೆಹೊಟ್ಟೆಗೆ ನೀರು ಕುಡಿದು ಮಲಗಿದರು.” ಸಂಕಪ್ಪನ ದನಿ ತಗ್ಗಿತು. “ಕೊಡುವುದಕ್ಕೋಸ್ಕರ ಉಪವಾಸ ಬಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ ಪ್ರಭು. ಕೊಡದೇ ಇರುವುದಕ್ಕೋಸ್ಕರ ಉಪವಾಸ ಬಿದ್ದವರು ನನಗೆ ಗೊತ್ತಿರುವ ಹಾಗೆ ತಾವೊಬ್ಬರೇ.”

ದೊರೆಯ ಮುಖ ಕೆಂಪಾಯಿತು, ಆಮೇಲೆ ತಗ್ಗಿತು. ಅವನು ಗಂಗವ್ವನ ಕಡೆ ನೋಡಿದ. ನೋಡುತ್ತ ನೋಡುತ್ತ ಅವನ ಹೊಟ್ಟೆ ಅಲುಗಿತು, ತಕ್ಕಡಿ ಅಲುಗಿತು, ಕೊನೆಗೆ ನಗು ತಡೆಯಲಾರದೆ ತಕ್ಕಡಿಯ ಸರಪಳಿ ಹಿಡಿದುಕೊಂಡ.

“ಲಕ್ಕರಸ, ಈ ರಾಗಿ ಸಾಲದು. ಉಯ್ಯಾಲೆಯ ಬೆಳ್ಳಿ ಕಳಚಿ ಮಾರಿಸು” ಎಂದ. “ಸಂಕಪ್ಪ, ನಿನಗೂ ಬಹುಮಾನ ಉಂಟು. ಬಾ, ನನ್ನ ಪಕ್ಕದಲ್ಲಿ ಹತ್ತಿ ಕೂತುಕೋ. ನಿನ್ನ ತೂಕದ ರಾಗಿಯೂ ಛತ್ರಕ್ಕೇ ಹೋಗಲಿ.”

ಸಂಕಪ್ಪ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

“ಒಂದು ಗಳಿಗೆ ತಡೀರಿ ಪ್ರಭು. ಊಟ ಮಾಡಿಕೊಂಡು ಬಂದುಬಿಡ್ತೀನಿ.”