ಸೀತಾಳೆ ಗಿಡ ಮರವೇರಿದ್ದು

ಭೂಮಿ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ ಅದು. ಬೆಟ್ಟವನ್ನು ಒತ್ತಿದರೆ ಬೆರಳಚ್ಚು ಮೂಡುತ್ತಿತ್ತು. ಗಿಡಗಳೆಲ್ಲ ನೆಲದಲ್ಲೇ ಇದ್ದವು. ಮರಗಳ ಮೈ ಬಾಳೆದಿಂಡಿನ ಹಾಗೆ ನುಣ್ಣಗಿತ್ತು.

ಹೊಳೆಯ ದಂಡೆಯಲ್ಲಿ ಮಾಚಕ್ಕ ಎಂಬುವಳಿದ್ದಳು. ಹೊಳೆ ತೇಲಿಸಿ ತಂದ ಮರದ ತುಂಡುಗಳಲ್ಲಿ ಸೌಟು, ಮರಿಗೆಯಂಥ ಪಾತ್ರೆ ಕೆತ್ತುವುದು ಅವಳ ಕೆಲಸ.

ಒಂದು ದಿನ ಕೆಸರಿನಿಂದ ಸಣ್ಣ ದನಿಯೊಂದು ಕೇಳಿತು. "ಅಕ್ಕಾ, ಉಸಿರು ಕಟ್ಟುತ್ತಿದೆ."

ಅದು ಪುಟ್ಟ ಸೀತಾಳೆ ಗಿಡ. ಮಾಚಕ್ಕ ಮಣ್ಣು ಬಿಡಿಸಿ ನೋಡಿದಳು. ಬೇರುಗಳೆಲ್ಲ ಕೊಳೆಯುತ್ತಿದ್ದವು.

"ಮಣ್ಣೇ, ಈ ಕೂಸಿಗೆ ಏನು ಮಾಡಿದೆ?"

"ಎಲ್ಲರನ್ನೂ ಅಪ್ಪಿಕೊಂಡ ಹಾಗೇ ಅಪ್ಪಿಕೊಂಡೆ, ತಾಯಿ. ನನಗೆ ಬೇರೆ ಥರ ಬರುವುದಿಲ್ಲ," ಎಂದು ಮಣ್ಣು ಅತ್ತಿತು.

ಮಾಚಕ್ಕ ಗಿಡವನ್ನು ಸೆರಗಿನಲ್ಲಿ ಎತ್ತಿಕೊಂಡು ಹೊನ್ನೆ ಮರದ ಕವಲಿನಲ್ಲಿ ಕೂರಿಸಿದಳು. ಜಾರಿ ಬಿತ್ತು. ಮತ್ತೆ ಕೂರಿಸಿದಳು. ಮತ್ತೆ ಜಾರಿತು.

ಅವಳ ಬಳಿ ಒಂದು ಹಲಗೆಯಿತ್ತು. ಎಷ್ಟು ಚೆಂದದ ಹಲಗೆಯೆಂದರೆ, ಅದಕ್ಕೆ ಉಳಿ ತಾಗಿಸಲು ಅವಳಿಗೇ ಧೈರ್ಯ ಬಂದಿರಲಿಲ್ಲ. ಇವತ್ತು ಅದನ್ನೇ ತೆಗೆದಳು. ಬೇರು ಬೆರಳೂರಲೆಂದು ಉದ್ದುದ್ದ ಗೆರೆ ಕೊರೆದಳು. ಅಂಚಿಗೆ ಹೊಳೆಯ ಅಲೆಗಳನ್ನು ಕೆತ್ತಿದಳು.

"ಸಾಯುವ ಗಿಡಕ್ಕೆ ಇಷ್ಟೊಂದು ಸಿಂಗಾರವೇ?" ಎಂದಿತು ಮರಕುಟಿಗ.

"ಇದು ಅದರ ಮನೆಯಪ್ಪಾ. ಮನೆ ಚೆಂದ ಇರಬೇಡವೇ?"

ಹಲಗೆಗೆ ಪಾಚಿ ಹಾಸಿ, ಬಾಳೆನಾರಿನಿಂದ ಗಿಡವನ್ನು ಕಟ್ಟಿ, ಹಲಗೆಯನ್ನು ಬಳ್ಳಿಯಿಂದ ಹೊನ್ನೆಯ ಕೊಂಬೆಗೆ ತೂಗುಹಾಕಿದಳು. ಹೊಳೆ ತನ್ನ ಮೈಮೇಲಿನ ಮಂಜನ್ನು ಕೊಟ್ಟಿತು. ಗಾಳಿ ಅದನ್ನು ಬೆಳಬೆಳಗ್ಗೆ ಹೊತ್ತು ತಂದಿತು. ಆದರೂ ಗಿಡದಲ್ಲಿ ಒಂದು ಚಿಗುರೂ ಕಾಣಲಿಲ್ಲ.

ಮಳೆಗಾಲದ ಮೊದಲ ಬಿರುಗಾಳಿ ಬಂತು. ಗಿಡಕ್ಕೆ ಕಟ್ಟಿದ್ದ, ನೆನೆದು ಲಡ್ಡಾಗಿದ್ದ ನಾರು ಪಟ್ಟೆಂದು ಹರಿಯಿತು. "ಅಯ್ಯೋ ಕೂಸೇ!" ಎಂದು ಮಾಚಕ್ಕ ಕೈಚಾಚಿ ಓಡಿದಳು.

ಗಿಡ ಬೀಳಲಿಲ್ಲ.

ಹೊಸ ಬೇರುಗಳು, ಬೆಳ್ಳಗೆ, ಬೆಳ್ಳಿಯ ಹಾಗೆ, ಗೆರೆಗೆರೆಯೊಳಗೂ ಇಳಿದು ಹಲಗೆಯನ್ನು ಬಿಗಿಯಾಗಿ ಹಿಡಿದಿದ್ದವು. ಗಾಳಿ ನಿಂತ ಮೇಲೆ ಎಲೆಗಳ ಸಂದಿಯಿಂದ ಒಂದು ಗೊಂಚಲು ಇಳಿಯಿತು. ಇಳಿಯುತ್ತಾ ಅರಳಿತು. ಅರಳುತ್ತಾ ಇಳಿಯಿತು. ಬಿಳಿ ಹೂಗಳು, ಒಂದೊಂದರ ಮೇಲೂ ತಿಳಿ ನೇರಳೆ ಚುಕ್ಕಿ. ಹೊಳೆ ಹರಿಯುವುದನ್ನು ಮರೆತು ನಿಂತಿತು. ಮರಕುಟಿಗ ಕುಟ್ಟಲಿಲ್ಲ.

ಮಾಚಕ್ಕ ಅಲ್ಲೇ ಕುಳಿತಳು. "ನಾನು ಕೆತ್ತಿದ್ದು ಬರೀ ಹಲಗೆ. ಇದನ್ನು ಕೆತ್ತಿದವರು ಯಾರು?" ಎಂದು ಪಿಸುಗುಟ್ಟಿದಳು.

ಆಮೇಲೆ ಹೊನ್ನೆ ಮರ ನಾಚುತ್ತಾ ಕೇಳಿತು: "ಮಾಚಕ್ಕಾ, ನನ್ನ ಮೈಗೂ ಗೆರೆ ಕೊರೆಯುತ್ತೀಯಾ?"

"ನೋಯುತ್ತದೆ ಕಣೋ."

"ನೋಯಲಿ. ನನ್ನ ಮೇಲೂ ಒಂದು ಬಂದು ಕೂರಲಿ."

ಅವಳು ಹೊನ್ನೆಯ ಮೈಗೆ ಮೆಲ್ಲಗೆ ಉಳಿ ತಾಗಿಸಿದಳು. ಮರುಗಳಿಗೆಯೇ ಕಾಡಿನ ತುಂಬ ಚಟಚಟ ಸದ್ದು. ಯಾರೂ ಮುಟ್ಟದೆಯೇ ಮಾವು, ಹಲಸು, ಮತ್ತಿ ಮರಗಳ ತೊಗಟೆ ತಾನಾಗಿ ಬಿರಿಯುತ್ತಿತ್ತು. ಗಾಳಿ ಸೀತಾಳೆಯ ಧೂಳಿನಂಥ ಬೀಜಗಳನ್ನು ಬಾಚಿಕೊಂಡು ಮರದಿಂದ ಮರಕ್ಕೆ ಓಡಿತು.

ಅದಕ್ಕೇ ಮಗೂ, ಇವತ್ತಿಗೂ ಮರದ ತೊಗಟೆ ಒರಟೊರಟಾಗಿ ಬಿರಿದಿರುತ್ತದೆ, ಮಳೆ ಹಿಡಿಯುವ ಹೊತ್ತಿಗೆ ನೀನು ತಲೆಯೆತ್ತಿ ನೋಡಿದರೆ ಹಿಡಿ ಮಣ್ಣೂ ಇಲ್ಲದ ಕೊಂಬೆಯಲ್ಲಿ ಸೀತಾಳೆ ಹೂವು ತೂಗುತ್ತಿರುತ್ತದೆ.