ಪಾಸ್ಕಲ್ ತೋರಿಸಿದ ಆಫೀಸು

ಮಂಗಳೂರಿನವರು ಕುವೈತಿಗೆ ಟ್ರಂಕ್‌ಕಾಲ್ ಬುಕ್ ಮಾಡಿ ದಿನವಿಡೀ ಕಾಯುತ್ತಿದ್ದ ಕಾಲ ಅದು. ಹೆಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಸೆವ್ರಿನ್ ಬಾಯಿಯ ತಂಗಿ ಜೂಲಿಯಾನ ಕುವೈತಿನಲ್ಲಿ ಮನೆಗೆಲಸಕ್ಕಿದ್ದಳು. ಧಣಿ ಅವಳ ಪಾಸ್‌ಪೋರ್ಟ್ ಕಸಿದಿಟ್ಟುಕೊಂಡು ಊರಿಗೆ ಬಿಡುತ್ತಿರಲಿಲ್ಲ.

ಅವಳನ್ನು ಕಳಿಸಿದ್ದ ಏಜೆಂಟ್ ಪಾಸ್ಕಲ್‌ನ ಬಳಿಗೇ ಸೆವ್ರಿನ್ ಬಾಯಿ ಓಡಿದಳು. ಅವನು ಮೀಸೆ ತಿರುವಿದ.

"ನಿನ್ನ ಬಾವಿಕಟ್ಟೆಯ ಹಿತ್ತಿಲು ನನ್ನ ಹೆಸರಿಗೆ ಬರೆದುಕೊಡು, ಕರೆಸುತ್ತೇನೆ."

"ಇಂಥದ್ದಕ್ಕೆ ಧರ್ಮಕ್ಕೇ ಸಹಾಯ ಮಾಡುವ ಸರಕಾರಿ ಆಫೀಸು ಉಂಟಂತೆ ಅಲ್ವಾ, ಪಾಸ್ಕಲ್‌ಬಾಬ್?"

"ಉಂಟು. ಆದರೆ ನಾನು ಹೇಳದೆ ಅಲ್ಲಿ ಒಬ್ಬನೂ ತಲೆಯೆತ್ತಿ ನೋಡುವುದಿಲ್ಲ!"

"ಹೌದಾ? ನಿಮ್ಮ ಮಾತು ಅಲ್ಲಿ ನಡೆಯುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಹಿತ್ತಿಲು ನಿಮ್ಮದೇ."

ಪಾಸ್ಕಲ್ ಉಬ್ಬಿಹೋದ. ಮರುದಿನ ತನ್ನ ಅಂಬಾಸಿಡರ್ ಕಾರಿನಲ್ಲೇ ಕರೆದೊಯ್ದ. ಬಾಗಿಲಲ್ಲಿ ಜವಾನನಿಂದ ಒಂದು ಸಲಾಮು ಹೊಡೆಸಿ ವಾಪಸ್ ಕರೆತರುವ ಲೆಕ್ಕ ಅವನದು. ಆದರೆ ಬೋರ್ಡು ಕಂಡದ್ದೇ ತಡ, ಸೆವ್ರಿನ್ ಬಾಯಿ ನೇರ ಒಳಗೆ ಹೋಗಿ ಅಧಿಕಾರಿಯ ಮೇಜಿನ ಮುಂದೆ ನಿಂತಳು.

"ಸಾರ್, ಈ ಏಜೆಂಟರು ಹೇಳದೆ ನೀವು ತಲೆಯೆತ್ತುವುದಿಲ್ಲವಂತೆ. ಅವರನ್ನೇ ಕರ್ಕೊಂಡು ಬಂದಿದ್ದೇನೆ. ನನ್ನ ತಂಗಿಯ ಕತೆ ಸ್ವಲ್ಪ ಕೇಳಿ."

ಅಧಿಕಾರಿ ತಲೆಯೆತ್ತಿದರು. "ಯಾರಪ್ಪ ಆ ಏಜೆಂಟ್? ಲೈಸೆನ್ಸ್ ತೋರಿಸಿ."

ಅವಳ ಹಿಂದೆಯೇ ಒಳಗೆ ಬಂದಿದ್ದ ಪಾಸ್ಕಲ್, ಕಾರಿಗೆ ಬೀಗ ಹಾಕಿಲ್ಲ ಎಂದು ಹೊರಗೆ ಹೋದವನು ಮತ್ತೆ ಬರಲೇ ಇಲ್ಲ.

ಅಧಿಕಾರಿ ಕುವೈತಿನ ನಮ್ಮ ರಾಯಭಾರ ಕಚೇರಿಗೆ ತಂತಿ ಕಳಿಸಿದರು, ಮಹಿಳಾ ಸಂಘದ ವಕೀಲೆಯನ್ನೂ ಕರೆಸಿದರು. ಯಾರೂ ಬಿಡಿಕಾಸು ಕೇಳಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಜೂಲಿಯಾನ ಮನೆ ಸೇರಿದಳು.

ಈಗ ಇಬ್ಬರೂ ಮುದುಕಿಯರು. "ಆ ಜಂಬದವನನ್ನು ಯಾಕೆ ಕಟ್ಟಿಕೊಂಡು ಹೋದೆ ಅಕ್ಕಾ?" ಎಂದು ತಂಗಿ ಇಂದಿಗೂ ಕೇಳುತ್ತಾಳೆ.

"ಆಫೀಸು ಎಲ್ಲಿ ಉಂಟೆಂದು ನನಗೆಲ್ಲಿ ಗೊತ್ತಿತ್ತು ಮಾರಾಯ್ತಿ! ಗೊತ್ತಿದ್ದವ ಅವನೊಬ್ಬನೇ."